ಗಾಲ್ಫ್ ಪ್ರವಾಸದ ಲೆಕ್ಕ: ದರಕ್ಕಿಂತ ಮೊದಲು ದಿನಾಂಕ

ಪ್ರಶ್ನೆ: ನಾವು ನಾಲ್ವರು ಗೆಳೆಯರು. ಮೂವರು ಹಲವು ವರ್ಷಗಳಿಂದ ಗಾಲ್ಫ್ ಆಡುತ್ತಿದ್ದೇವೆ. ನಾಲ್ಕನೆಯವರು ಕ್ಲಬ್, ಅಂದರೆ ಗಾಲ್ಫ್ ಕೋಲು, ಹಿಡಿದು ಒಂದು ವರ್ಷವಾಗಿದೆ. ಮುಂದಿನ ವರ್ಷ ಮೊದಲ ಬಾರಿಗೆ ಒಂದು ವಾರದ ಗಾಲ್ಫ್ ಪ್ರವಾಸ ಹೋಗಬೇಕೆಂದಿದ್ದೇವೆ. ಏಳು ರಾತ್ರಿ ವಾಸ, ಆರು ಸುತ್ತು ಆಟ (ಒಂದು ಸುತ್ತೆಂದರೆ ಹದಿನೆಂಟು ಹೋಲ್, ಅಂದರೆ ಕುಳಿಗಳ ಆಟ) ಎಂಬ ಪ್ಯಾಕೇಜೊಂದನ್ನು ವಿಚಾರಿಸಿ, ದರ ಕೇಳಿ ಹಿಂಜರಿದೆವು. ಹೆಸರಾಂತ ಗಾಲ್ಫ್ ಕೋರ್ಸ್ (ಮೈದಾನ) ಒಂದರಲ್ಲಾದರೂ ಆಡಬೇಕೆಂಬ ಆಸೆಯಿದೆ. ಖರ್ಚನ್ನು ಎಲ್ಲಿ ತಗ್ಗಿಸಬಹುದು, ಎಲ್ಲಿ ತಗ್ಗಿಸಬಾರದು? ನಮ್ಮ ಕ್ಲಬ್‌ಗಳನ್ನು ಒಯ್ಯುವುದು ಲೇಸೋ, ಅಲ್ಲಿಯೇ ಬಾಡಿಗೆಗೆ ಪಡೆಯುವುದು ಲೇಸೋ?

ಉತ್ತರ: ನೀವು ದರದಿಂದ ಆರಂಭಿಸಿದ್ದೀರಿ, ನಾನು ದಿನಾಂಕದಿಂದ ಆರಂಭಿಸುತ್ತೇನೆ, ಏಕೆಂದರೆ ಗಾಲ್ಫ್‌ನಲ್ಲಿ ದರವೆಂಬುದು ದಿನಾಂಕದ ಮತ್ತು ಗಂಟೆಯ ನೆರಳು. ಕೋರ್ಸಿನವರು ಮಾರುವ ಸರಕು ಟೀ ಟೈಮ್, ಅಂದರೆ ಮೊದಲ ಹೋಲಿನಿಂದ ಆಟ ಆರಂಭಿಸುವ ಗಳಿಗೆ. ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ನಿಮಿಷಗಳಿಗೆ ಒಂದು ಗುಂಪನ್ನು ಬಿಡುತ್ತಾರೆ. ಹತ್ತು ಗಂಟೆ ಹತ್ತು ನಿಮಿಷದ ಗಳಿಗೆಗೆ ಯಾರೂ ಬರದಿದ್ದರೆ ಹತ್ತೂ ಇಪ್ಪತ್ತಕ್ಕೆ ಅದಕ್ಕೆ ಕಾಸಿನ ಬೆಲೆಯೂ ಉಳಿಯುವುದಿಲ್ಲ. ಹುಲ್ಲು ಕತ್ತರಿಸಿದ ಕೂಲಿ, ನೀರು, ಗೊಬ್ಬರ, ಸಿಬ್ಬಂದಿಯ ಸಂಬಳ ಮಾತ್ರ ಆಟಗಾರರು ಬಂದರೂ ಬಾರದಿದ್ದರೂ ಅಷ್ಟೇ. ಯಾವ ವಾರ, ಯಾವ ದಿನ, ಯಾವ ಗಂಟೆಗೆ ಗಳಿಗೆಗಳು ಖಾಲಿ ಹೋಗುತ್ತವೆ ಎಂಬ ಭಯ ಕೋರ್ಸಿನವರಿಗೆ ಇದೆಯೋ ಅಲ್ಲಿ ದರ ಇಳಿದಿರುತ್ತದೆ. ಹೀಗಾಗಿ ನಿಮ್ಮ ರಜೆಯ ವಾರವನ್ನು ಹದಿನೈದು ದಿನ ಹಿಂದಕ್ಕೋ ಮುಂದಕ್ಕೋ ಸರಿಸಲು ಸಾಧ್ಯವಿದ್ದರೆ, ಯಾವ ಕೂಪನ್ನೂ ಕೊಡಲಾರದಷ್ಟು ಉಳಿತಾಯ ಅದರಿಂದಲೇ ಆಗುತ್ತದೆ.

ಆದರೆ ಪ್ರವಾಸಿಗರ ಋತು ಮತ್ತು ಗಾಲ್ಫ್ ಋತು ಎಲ್ಲೆಡೆ ಒಂದೇ ಅಲ್ಲ. ಹೊಸಬರು ಎಡವುವುದು ಇಲ್ಲಿಯೇ. ಪೋರ್ಚುಗಲ್‌ನ ಆಲ್ಗಾರ್ವ್ ಮತ್ತು ಸ್ಪೇನ್‌ನ ಕೋಸ್ಟಾ ಡೆಲ್ ಸೋಲ್ ಕರಾವಳಿಗಳಲ್ಲಿ ಸಮುದ್ರಸ್ನಾನಕ್ಕೆ ಜನ ನೆರೆಯುವುದು ಜುಲೈ ಮತ್ತು ಆಗಸ್ಟ್‌ನಲ್ಲಿ, ಗಾಲ್ಫ್ ಆಡುವವರು ನೆರೆಯುವುದು ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ. ಬೇಸಿಗೆಯ ನಡುವೆ ಅಲ್ಲಿ ಗ್ರೀನ್ ಫೀ, ಅಂದರೆ ಒಂದು ಸುತ್ತು ಆಡಲು ಕೋರ್ಸಿಗೆ ಕೊಡುವ ಶುಲ್ಕ, ಇಳಿದಿರುತ್ತದೆ, ಆದರೆ ಕೊಠಡಿಯ ಬಾಡಿಗೆ ಮತ್ತು ವಿಮಾನದ ದರ ಏರಿರುತ್ತವೆ. ಗ್ರೀನ್ ಫೀಯನ್ನಷ್ಟೇ ನೋಡಿ ಆಗಸ್ಟ್ ತಿಂಗಳನ್ನು ಆರಿಸಿದವರು ಒಂದು ಕೈಯಲ್ಲಿ ಉಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಚೆಲ್ಲುತ್ತಾರೆ. ಎರಡೂ ದರಗಳು ಒಟ್ಟಿಗೆ ಇಳಿಯುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ಹಗಲು ಚಿಕ್ಕದು, ನಡುವೆ ಮಳೆಯೂ ಬರಬಹುದು, ಆದರೂ ಬಹುಪಾಲು ದಿನ ಆಡಬಹುದಾದ ಹವೆಯಿರುತ್ತದೆ.

ಅಮೆರಿಕದ ಅರಿಜೋನಾ ಇದಕ್ಕೆ ತದ್ವಿರುದ್ಧ. ಸ್ಕಾಟ್ಸ್‌ಡೇಲ್ ಸುತ್ತಲಿನ ಕೋರ್ಸುಗಳಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ದರ ತುತ್ತತುದಿಯಲ್ಲಿರುತ್ತದೆ, ಏಕೆಂದರೆ ಹಿಮ ಬೀಳುವ ಊರುಗಳವರೆಲ್ಲ ಅಲ್ಲಿಗೆ ಬರುತ್ತಾರೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಾರಣ ಅದೇ ಕೋರ್ಸುಗಳ ದರವೂ ರೆಸಾರ್ಟುಗಳ ದರವೂ ಒಟ್ಟಿಗೆ ಕುಸಿಯುತ್ತವೆ. ಬಿಸಿಲನ್ನು ತಾಳಬಲ್ಲವರು, ಬೆಳಕು ಹರಿಯುತ್ತಲೇ ಆಟ ಆರಂಭಿಸಿ ಹತ್ತು ಗಂಟೆಯೊಳಗೆ ಮುಗಿಸಲು ಒಪ್ಪುವವರು ಅಲ್ಲಿ ಒಳ್ಳೆಯ ಕೋರ್ಸುಗಳನ್ನು ಬಹಳ ಅಗ್ಗವಾಗಿ ಆಡಬಹುದು. ಫ್ಲಾರಿಡಾದಲ್ಲಿ ಕೂಡ ಚಳಿಗಾಲವೇ ದುಬಾರಿ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ದಿನಚರಿಯಂತೆ ಬರುವುದರಿಂದ ಅಲ್ಲಿಯೂ ಮುಂಜಾವಿನ ಗಳಿಗೆಯೇ ಸುರಕ್ಷಿತ. ಥಾಯ್ಲೆಂಡ್‌ನಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಬೇಡಿಕೆ ಹೆಚ್ಚು, ಮಳೆಗಾಲದಲ್ಲಿ ಕಡಿಮೆ.

ಇಲ್ಲಿಯವರೆಗೆ ಹೇಳಿದ್ದು ಜನರ ಕ್ಯಾಲೆಂಡರ್. ಹುಲ್ಲಿಗೂ ತನ್ನದೇ ಕ್ಯಾಲೆಂಡರ್ ಇದೆ, ಪ್ಯಾಕೇಜ್ ಮಾರುವವರು ಅದನ್ನು ತಾವಾಗಿ ಹೇಳುವುದು ಅಪರೂಪ. ಹೋಲಿನ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಅಂಗಳಗಳಾದ ಗ್ರೀನ್‌ಗಳ ಕೆಳಗಿನ ಮಣ್ಣು ತುಳಿತದಿಂದ ಗಟ್ಟಿಯಾಗಿ ಬೇರುಗಳಿಗೆ ಗಾಳಿ ಸಿಗದಂತಾಗುವುದರಿಂದ, ವರ್ಷದಲ್ಲಿ ಒಂದೆರಡು ಬಾರಿ ಅವುಗಳ ಮೇಲೆ ಸಾವಿರಾರು ಸಣ್ಣ ತೂತುಗಳನ್ನು ಕೊರೆದು, ಮಣ್ಣಿನ ಚಿಕ್ಕ ಬಿಲ್ಲೆಗಳನ್ನು ಹೊರತೆಗೆದು, ಮರಳು ಹರಡುತ್ತಾರೆ. ಏರೇಷನ್ ಎಂದು ಕರೆಯುವ ಈ ಕೆಲಸ ಹೆಚ್ಚಾಗಿ ವಸಂತದಲ್ಲಿ ಮತ್ತು ಬೇಸಿಗೆಯ ಕೊನೆಯಲ್ಲಿ ಅಥವಾ ಶರತ್ಕಾಲದಲ್ಲಿ ನಡೆಯುತ್ತದೆ, ಅಂದರೆ ದರ ಹಿತವಾಗಿರುವ ನಡುಋತುವಿನಲ್ಲೇ. ಆ ಬಳಿಕ ಹತ್ತು ದಿನದಿಂದ ಎರಡು ವಾರದವರೆಗೆ ಪಟ್ ಮಾಡಿದ, ಅಂದರೆ ಹೋಲಿನತ್ತ ಮೆಲ್ಲನೆ ಉರುಳಿಸಿದ, ಚೆಂಡು ಕುಣಿಯುತ್ತ ಹೋಗುತ್ತದೆ. ನಾನು ಒಮ್ಮೆ ಭಾರಿ ರಿಯಾಯಿತಿ ಎಂದು ಸಂತೋಷಪಟ್ಟು, ಮೂರು ಸುತ್ತುಗಳ ಹಣವನ್ನು ಮುಂಗಡವಾಗಿ ಕಟ್ಟಿ ಹೋದಾಗ, ಗ್ರೀನ್‌ಗಳೆಲ್ಲ ಮರಳು ಎರಚಿದ ಜರಡಿಯಂತಿದ್ದವು. ಕೇಳಿದ್ದರೆ ಅವರು ದಿನಾಂಕವನ್ನು ಮುಚ್ಚಿಡುತ್ತಿರಲಿಲ್ಲ, ನಾನು ಕೇಳಿರಲಿಲ್ಲ.

ಬಿಸಿ ಪ್ರದೇಶದ ಕೋರ್ಸುಗಳಲ್ಲಿ ಇನ್ನೊಂದು ಕೆಲಸವಿದೆ. ಬರ್ಮುಡಾ ಹುಲ್ಲು ಚಳಿಗೆ ಬಣ್ಣಗೆಟ್ಟು ಮಲಗುವುದರಿಂದ, ಅರಿಜೋನಾದಂಥ ಕಡೆ ಚಳಿಗಾಲದ ಹಸಿರಿಗಾಗಿ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಇದಕ್ಕಾಗಿ ಕೋರ್ಸನ್ನು ಎರಡು ಮೂರು ವಾರ ಮುಚ್ಚುವುದುಂಟು. ತೆರೆದ ಮೇಲೂ ಕೆಲಕಾಲ ಆಟಗಾರರು ಓಡಾಡುವ ಚಿಕ್ಕ ಗಾಡಿಗಳಾದ ಕಾರ್ಟ್‌ಗಳನ್ನು ಫೇರ್‌ವೇ, ಅಂದರೆ ಆರಂಭದ ತಾಣದಿಂದ ಗ್ರೀನ್‌ವರೆಗಿನ ಹುಲ್ಲುಹಾದಿಯ, ಮೇಲೆ ಬಿಡದೆ ಬದಿಯ ಹಾದಿಯಲ್ಲೇ ಓಡಿಸಬೇಕೆನ್ನುತ್ತಾರೆ, ಆಗ ಪ್ರತಿ ಹೊಡೆತಕ್ಕೂ ಹಾದಿಯಿಂದ ಚೆಂಡಿನವರೆಗೆ ನಡೆದು ಬರುವುದರಲ್ಲೇ ಹೊತ್ತು ಕಳೆಯುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಫೇರ್‌ವೇ ಮೇಲಿನ ಚೆಂಡನ್ನು ಸಣ್ಣ ಚಾಪೆಯ ಮೇಲಿಟ್ಟು ಹೊಡೆಯಬೇಕು. ದರ ಕಡಿಮೆ ಎಂಬುದು ನಿಜ, ಜೀವಮಾನದಲ್ಲಿ ಒಮ್ಮೆ ಆಡುವವರಿಗೆ ಆ ಚಾಪೆ ಒಪ್ಪಿಗೆಯೇ ಎಂಬುದನ್ನು ಅವರೇ ನಿರ್ಧರಿಸಬೇಕು. ನನಗೆ ಒಪ್ಪಿಗೆಯಿಲ್ಲ.

ವಾರ ನಿಶ್ಚಯವಾದ ಮೇಲೆ ಗಂಟೆಯ ಪ್ರಶ್ನೆ. ಬಹುತೇಕ ಕೋರ್ಸುಗಳು ಇಳಿಹೊತ್ತಿನ ಆಟಕ್ಕೆ ಕಡಿಮೆ ದರ ಇಟ್ಟಿರುತ್ತವೆ. ಇದನ್ನು ಟ್ವಿಲೈಟ್ ದರ ಎನ್ನುತ್ತಾರೆ. ಇದು ಲಾಭವೋ ಮೋಸವೋ ಎಂಬುದು ನೀವು ಭೂಮಿಯ ಯಾವ ಅಕ್ಷಾಂಶದಲ್ಲಿ ನಿಂತಿದ್ದೀರಿ ಎಂಬುದನ್ನು ಅವಲಂಬಿಸಿದೆ. ನಾಲ್ವರ ಗುಂಪಿಗೆ ಹದಿನೆಂಟು ಹೋಲ್‌ಗಳನ್ನು ಮುಗಿಸಲು ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು. ಜೂನ್ ತಿಂಗಳ ಸ್ಕಾಟ್ಲೆಂಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಅಲ್ಲಿ ಸಂಜೆ ನಾಲ್ಕಕ್ಕೆ ಆರಂಭಿಸಿದರೂ ಪೂರ್ಣ ಸುತ್ತು ಮುಗಿಸಿ ಇನ್ನೂ ಬೆಳಕು ಮಿಗುತ್ತದೆ. ಭೂಮಧ್ಯರೇಖೆಯ ಸಮೀಪದ ದೇಶಗಳಲ್ಲಿ ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸಿನಲ್ಲಿದ್ದು, ಸೂರ್ಯ ಮುಳುಗಿದ ಕೂಡಲೇ ಕತ್ತಲು ಕವಿಯುತ್ತದೆ. ಅಲ್ಲಿ ಮೂರು ಗಂಟೆಗೆ ಆರಂಭಿಸಿದವರಿಗೆ ಹನ್ನೆರಡು ಹದಿಮೂರು ಹೋಲ್ ಸಿಕ್ಕಿದರೆ ಪುಣ್ಯ. ಆದ್ದರಿಂದ ಟ್ವಿಲೈಟ್ ದರವನ್ನು ಕಂಡಾಗ, ಆ ದಿನದ ಸೂರ್ಯಾಸ್ತದ ಸಮಯದಿಂದ ನಾಲ್ಕೂವರೆ ಗಂಟೆಯನ್ನು ಕಳೆದು ನೋಡಿ. ದರ ಇಳಿಯುವ ಗಂಟೆ ಅದಕ್ಕಿಂತ ಮುಂಚೆ ಇದ್ದರೆ ಕಣ್ಣುಮುಚ್ಚಿ ಕೊಳ್ಳಬಹುದು, ತಡವಾಗಿದ್ದರೆ ಅದು ಒಂಬತ್ತು ಹೋಲ್‌ಗಳ ದರವೆಂದೇ ಎಣಿಸಿ.

ದಿನಗಳ ವಿಷಯವನ್ನು ಹೆಚ್ಚು ಎಳೆಯಬೇಕಿಲ್ಲ. ಶನಿವಾರ ಮತ್ತು ಭಾನುವಾರದ ಬೆಳಗನ್ನು ಪ್ರಯಾಣಕ್ಕೆ ಬಿಟ್ಟು, ಸೋಮವಾರದಿಂದ ಗುರುವಾರದವರೆಗೆ ಆಡಿ. ಸೋಮವಾರ ಕೆಲವು ಕೋರ್ಸುಗಳು ನಿರ್ವಹಣೆಗಾಗಿ ಮುಚ್ಚಿರುತ್ತವೆ ಎಂಬುದನ್ನಷ್ಟೇ ವಿಚಾರಿಸಿಕೊಳ್ಳಿ.

ಈಗ ಹೆಸರಾಂತ ಕೋರ್ಸಿನ ಆಸೆಗೆ ಬರುತ್ತೇನೆ. ಈ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಪ್ರವಾಸದ ಮುಖ್ಯ ನೆನಪು ಅದೇ ಆಗಿ ಉಳಿಯುತ್ತದೆ. ಆದರೆ ಹೆಸರಾಂತ ಎಂಬುದೂ ದುಬಾರಿ ಎಂಬುದೂ ಒಂದೇ ಅಲ್ಲವೆಂದು ಬಹಳ ಜನರಿಗೆ ತಿಳಿದಿರುವುದಿಲ್ಲ. ಗಾಲ್ಫ್‌ನ ತವರು ಎನಿಸಿದ ಓಲ್ಡ್ ಕೋರ್ಸ್ ಯಾವ ಖಾಸಗಿ ಕ್ಲಬ್ಬಿನ ಸ್ವತ್ತೂ ಅಲ್ಲ. ಸಾರ್ವಜನಿಕರಿಗೆ ತೆರೆದಿರುವ ಅದನ್ನು ಸೇಂಟ್ ಆಂಡ್ರ್ಯೂಸ್ ಲಿಂಕ್ಸ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಅಲ್ಲಿನ ಟೀ ಟೈಮ್‌ಗಳಲ್ಲಿ ಗಣನೀಯ ಪಾಲನ್ನು ಆಟದ ದಿನಕ್ಕೆ 48 ಗಂಟೆ ಮೊದಲು ಚೀಟಿ ಎತ್ತಿ ಹಂಚುತ್ತಾರೆ. ಕನಿಷ್ಠ ಇಬ್ಬರ ಗುಂಪಾಗಿ ಹೆಸರು ಕೊಟ್ಟರೆ ಸಾಕು, ಚೀಟಿಯಲ್ಲಿ ಹೆಸರು ಬಂದರೆ ಮಾತ್ರ ಹಣ. ಮುಂಗಡವಾಗಿ ಖಚಿತವಾದ ಟೀ ಟೈಮ್ ಕೊಡುತ್ತೇವೆನ್ನುವ ಪ್ಯಾಕೇಜುಗಳಿಗೂ ಚೀಟಿಯಲ್ಲಿ ಗೆದ್ದವರು ತೆರುವ ಹಣಕ್ಕೂ ಇರುವ ಅಂತರ ದೊಡ್ಡದು, ಏಕೆಂದರೆ ಆ ಖಚಿತತೆಯ ಜೊತೆಗೆ ದುಬಾರಿ ಕೊಠಡಿ ಮತ್ತು ಇತರ ಕೋರ್ಸುಗಳನ್ನು ಕಟ್ಟಿಯೇ ಮಾರುತ್ತಾರೆ.

ಚೀಟಿಯ ದಾರಿಯನ್ನು ಹಿಡಿಯುವುದಾದರೆ ಅದಕ್ಕೆ ತಕ್ಕಂತೆ ಪ್ರವಾಸವನ್ನು ಹೊಂದಿಸಬೇಕು. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟವಿರುವುದಿಲ್ಲ. ಆ ದಿನ ಊರಿನವರು ಅದನ್ನು ಉದ್ಯಾನದಂತೆ ಬಳಸಿ ನಾಯಿಗಳೊಡನೆ ಅಡ್ಡಾಡುತ್ತಾರೆ, ನೀವೂ ಅಡ್ಡಾಡಿ ಹದಿನೇಳನೆಯ ಹೋಲಿನ ಕಷ್ಟವನ್ನು ಪುಕ್ಕಟೆಯಾಗಿ ನೋಡಿಕೊಳ್ಳಬಹುದು. ಸೋಮವಾರದಿಂದ ಮೂರು ನಾಲ್ಕು ದಿನ ಊರಿನಲ್ಲೇ ಅಥವಾ ಸಮೀಪದಲ್ಲಿ ಉಳಿದು, ಪ್ರತಿದಿನದ ಚೀಟಿಗೂ ಹೆಸರು ಕೊಡಿ. ಬಾರದ ದಿನಗಳಲ್ಲಿ ಅದೇ ಟ್ರಸ್ಟಿನ ಇತರ ಕೋರ್ಸುಗಳಿವೆ: 1895ರಲ್ಲಿ ಆ ಕಾಲದ ಹೆಸರಾಂತ ಗಾಲ್ಫ್ ಆಟಗಾರ ಓಲ್ಡ್ ಟಾಮ್ ಮೋರಿಸ್ ರೂಪಿಸಿದ ನ್ಯೂ ಕೋರ್ಸ್, ಅದರ ಪಕ್ಕದಲ್ಲೇ ಜುಬಿಲಿ, ಈಡನ್. ಅದೇ ಮರಳುನೆಲ, ಅದೇ ಕಡಲಗಾಳಿ, ದರ ಮಾತ್ರ ಸಾಕಷ್ಟು ಕಡಿಮೆ. ಹೊಸದೆಂಬ ಹೆಸರನ್ನು ಹೊತ್ತೂ ಶತಮಾನ ದಾಟಿದ ಆ ನ್ಯೂ ಕೋರ್ಸ್‌ನಲ್ಲಿ ಆಡಿದ ಸುತ್ತನ್ನು ಓಲ್ಡ್ ಕೋರ್ಸ್‌ಗಿಂತ ಮಿಗಿಲೆಂದು ಹೇಳುವವರನ್ನು ನಾನು ಅನೇಕರನ್ನು ಕಂಡಿದ್ದೇನೆ.

ಇದೇ ಬಗೆಯ ದಾರಿಗಳು ಬೇರೆಡೆಯೂ ಇವೆ, ಪ್ರತಿಯೊಂದಕ್ಕೂ ಒಂದೊಂದು ನಿಯಮ ಅಂಟಿಕೊಂಡಿದೆ. 2002 ಮತ್ತು 2009ರ ಯು.ಎಸ್. ಓಪನ್ ಗಾಲ್ಫ್ ಪಂದ್ಯಾವಳಿ ನಡೆದ ನ್ಯೂಯಾರ್ಕ್‌ನ ಬೆತ್‌ಪೇಜ್ ಬ್ಲ್ಯಾಕ್ ರಾಜ್ಯ ಸರ್ಕಾರದ ಉದ್ಯಾನದ ಭಾಗವಾದ್ದರಿಂದ ಯಾರು ಬೇಕಾದರೂ ಆಡಬಹುದು. ಆ ರಾಜ್ಯದ ನಿವಾಸಿಗಳಿಗಿಂತ ಹೊರಗಿನವರಿಗೆ ದರ ಹೆಚ್ಚು, ಆದರೂ ಆ ಮಟ್ಟದ ರೆಸಾರ್ಟ್ ಕೋರ್ಸುಗಳಿಗೆ ಹೋಲಿಸಿದರೆ ಕಡಿಮೆಯೇ. ಅಲ್ಲಿ ಕಾರ್ಟ್ ಇಲ್ಲ, ನಡೆದೇ ಆಡಬೇಕು; ಆಟ ಆರಂಭಿಸುವ ತಾಣವಾದ ಮೊದಲ ಟೀಯ ಬಳಿ, ನುರಿತ ಆಟಗಾರರಿಗೆ ಮಾತ್ರ ಇದು ತಕ್ಕದ್ದೆಂಬ ಎಚ್ಚರಿಕೆಯ ಫಲಕವೂ ಇದೆ. ನಿಮ್ಮ ನಾಲ್ಕನೆಯ ಗೆಳೆಯರು ಆ ಫಲಕವನ್ನು ಹಾಸ್ಯವೆಂದು ಭಾವಿಸದಿರಲಿ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಬಹಳ ಮುಂಚಿತವಾಗಿ ಗಳಿಗೆ ಕಾಯ್ದಿರಿಸಬೇಕಾದರೆ ಅವರದೇ ವಸತಿಗೃಹದಲ್ಲಿ ಉಳಿಯಬೇಕಾಗುತ್ತದೆ, ಖರ್ಚಿನ ಬಹುಭಾಗ ಅಲ್ಲಿಯೇ ಕೂಡಿಕೊಳ್ಳುತ್ತದೆ. ಅದರ ಸಮೀಪದಲ್ಲೇ ಪೆಸಿಫಿಕ್ ಗ್ರೋವ್ ಎಂಬ ಊರಿನ ಪೌರಸಂಸ್ಥೆಯ ಗಾಲ್ಫ್ ಕೋರ್ಸ್ ಇದೆ. ಪೆಬಲ್ ಬೀಚನ್ನು ರೂಪಿಸಿದ ಇಬ್ಬರಲ್ಲಿ ಒಬ್ಬನಾದ ಜ್ಯಾಕ್ ನೆವಿಲ್ ಅದರ ಕೊನೆಯ ಒಂಬತ್ತು ಹೋಲ್‌ಗಳನ್ನು 1960ರಲ್ಲಿ ಕಡಲಂಚಿನ ಮರಳದಿಬ್ಬಗಳ ನಡುವೆ ರೂಪಿಸಿದ. ಎರಡರ ದರಕ್ಕೂ ಅಜಗಜಾಂತರ.

ಹೆಸರಾಂತ ಕೋರ್ಸು ಒಂದೇ ಇರಲಿ, ಅದು ವಾರದ ನಡುವೆ ಅಥವಾ ಕೊನೆಯಲ್ಲಿ ಬರಲಿ, ಉಳಿದ ಸುತ್ತುಗಳನ್ನು ಅದರ ಸುತ್ತಲಿನ ಅರ್ಧ ಗಂಟೆಯ ಹಾದಿಯಲ್ಲಿರುವ ಕೋರ್ಸುಗಳಲ್ಲಿ ಆಡಿ ಎಂಬುದು ನನ್ನ ಸಲಹೆ. ಮೊದಲ ದಿನವೇ ಅದನ್ನಿಟ್ಟುಕೊಂಡರೆ ಪ್ರಯಾಣದ ಆಯಾಸದಲ್ಲಿ, ಅಪರಿಚಿತ ಹುಲ್ಲಿನ ಮೇಲೆ, ಅತ್ಯಂತ ದುಬಾರಿ ಸುತ್ತನ್ನು ಅತ್ಯಂತ ಕೆಟ್ಟದಾಗಿ ಆಡುತ್ತೀರಿ.

ಇದಕ್ಕೆಲ್ಲ ಒಂದು ಕಾಗದ ಬೇಕು: ಹ್ಯಾಂಡಿಕ್ಯಾಪ್ ಪುರಾವೆ. ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಮಟ್ಟವನ್ನು ಸೂಚಿಸುವ ಅಂಕ, ಅದು ಕಡಿಮೆಯಿದ್ದಷ್ಟೂ ಆಟ ಚೆನ್ನ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ವ್ಯವಸ್ಥೆಯಿಂದಾಗಿ ಒಂದು ದೇಶದಲ್ಲಿ ದಾಖಲಾದ ಅಂಕ ಇನ್ನೊಂದು ದೇಶದಲ್ಲೂ ಅರ್ಥವಾಗುತ್ತದೆ, ಗರಿಷ್ಠ ಮಿತಿ 54 ಆದ್ದರಿಂದ ಹೊಸಬರೂ ಅದನ್ನು ಪಡೆಯಬಹುದು. ಕೆಲವು ಹೆಸರಾಂತ ಕೋರ್ಸುಗಳು ಪುರಾವೆಯಿಲ್ಲದೆ ಆಡಗೊಡುವುದಿಲ್ಲ, ಕೆಲವು ಮಿತಿಯನ್ನೂ ವಿಧಿಸುತ್ತವೆ. ಆದರೆ ಈ ಕಾಗದದ ನಿಜವಾದ ಬೆಲೆ ಇನ್ನೊಂದು ಕಡೆಯಿದೆ. ಬ್ರಿಟನ್ ಮತ್ತು ಐರ್ಲೆಂಡ್‌ಗಳ ಅನೇಕ ಸದಸ್ಯರ ಕ್ಲಬ್ಬುಗಳು ವರ್ಷದಲ್ಲಿ ಕೆಲವು ದಿನ ಹೊರಗಿನವರಿಗೂ ತೆರೆದ ಸ್ಪರ್ಧೆಗಳನ್ನು ನಡೆಸುತ್ತವೆ. ಐರ್ಲೆಂಡಿನಲ್ಲಿ ಇಡೀ ವಾರ ನಡೆಸುವ ಕ್ಲಬ್ಬುಗಳೂ ಇವೆ. ಹ್ಯಾಂಡಿಕ್ಯಾಪ್ ಉಳ್ಳ ಯಾರೇ ಆಗಲಿ, ಪ್ರವೇಶ ಶುಲ್ಕ ಕೊಟ್ಟು ಹೆಸರು ನೋಂದಾಯಿಸಬಹುದು. ಆ ಶುಲ್ಕ ಅದೇ ಕೋರ್ಸಿನ ಸಂದರ್ಶಕರ ಗ್ರೀನ್ ಫೀಗಿಂತ ಬಹಳ ಕಡಿಮೆ ಇರುತ್ತದೆ. ಸ್ಥಳೀಯ ಸದಸ್ಯರ ಜೊತೆ ಆಡುವ ಅವಕಾಶ ಅದರ ಮೇಲಿನ ಲಾಭ. ದಲ್ಲಾಳಿಗಳಿಗೆ ಇದರಲ್ಲಿ ಏನೂ ಸಿಗುವುದಿಲ್ಲವಾದ್ದರಿಂದ ಯಾವ ಪ್ಯಾಕೇಜಿನಲ್ಲೂ ಇದು ಕಾಣುವುದಿಲ್ಲ. ನಿಮ್ಮ ವಾರದಲ್ಲಿ ಅಂಥ ಸ್ಪರ್ಧೆ ಇದೆಯೇ ಎಂದು ಆ ಪ್ರದೇಶದ ಕ್ಲಬ್ಬುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಸಂಜೆ ಹುಡುಕಿದರೆ, ಆ ಸಂಜೆಗೆ ಒಳ್ಳೆಯ ಕೂಲಿ ದಕ್ಕುತ್ತದೆ.

ನಿಮಗೆ ಹೇಳಿರುವ ಪ್ಯಾಕೇಜಿಗೆ ಬರೋಣ. ಪ್ಯಾಕೇಜನ್ನು ಒಟ್ಟು ಮೊತ್ತವಾಗಿ ನೋಡದೆ, ಬಿಡಿಬಿಡಿಯಾಗಿ ಬಿಚ್ಚಿ ನೋಡಬೇಕು. ಕೊಠಡಿಯನ್ನು ನೀವೇ ಕಾಯ್ದಿರಿಸಿದರೆ ಎಷ್ಟು, ಅದೇ ಕೋರ್ಸುಗಳಿಗೆ ಅದೇ ದಿನಗಳಲ್ಲಿ ನೇರವಾಗಿ ಎಷ್ಟು, ಉಳಿದಿರುವುದು ಎಷ್ಟು? ಕೊಠಡಿಯೂ ಕೋರ್ಸೂ ಒಂದೇ ಒಡೆತನದಲ್ಲಿರುವ ರೆಸಾರ್ಟುಗಳಲ್ಲಿ ಪ್ಯಾಕೇಜ್ ಸಾಮಾನ್ಯವಾಗಿ ನಿಜವಾಗಿಯೇ ಅಗ್ಗ, ಏಕೆಂದರೆ ಖಾಲಿ ಕೊಠಡಿ ಮತ್ತು ಖಾಲಿ ಗಳಿಗೆ ಎರಡರ ಭಯವೂ ಅವರಿಗೇ ಇದೆ. ಬೇರೆ ಬೇರೆಯವರ ಕೋರ್ಸುಗಳನ್ನು ಪೋಣಿಸಿ ಮಾರುವ ದಲ್ಲಾಳಿಯ ಪ್ಯಾಕೇಜಿನಲ್ಲಿ ನೀವು ತೆರುವುದು ಅವರ ಶ್ರಮಕ್ಕೆ. ನಾಲ್ವರಿಗೆ ಆ ಶ್ರಮ ದೊಡ್ಡದೇನಲ್ಲ, ನೀವೇ ಮಾಡಬಹುದು. ಹನ್ನೆರಡು ಮಂದಿಯ ಗುಂಪಾಗಿದ್ದರೆ ದಲ್ಲಾಳಿಯೇ ಮೇಲು ಎನ್ನುತ್ತಿದ್ದೆ.

ಬಿಚ್ಚಿ ನೋಡುವಾಗ ಕಾಣದ ಖರ್ಚುಗಳನ್ನೂ ಕೇಳಬೇಕು. ಕಾರ್ಟ್ ಬಾಡಿಗೆ ಸೇರಿದೆಯೇ, ಅಭ್ಯಾಸದ ಚೆಂಡುಗಳಿಗೆ ಹಣವೇ, ತೆರಿಗೆ ಮತ್ತು ರೆಸಾರ್ಟ್ ಶುಲ್ಕ ಹೊರಗಿದೆಯೇ, ಬ್ಯಾಗ್ ಹೊತ್ತು ಆಟಕ್ಕೆ ನೆರವಾಗುವ ಕ್ಯಾಡಿ ಕಡ್ಡಾಯವೇ? ಥಾಯ್ಲೆಂಡ್‌ನ ಬಹುತೇಕ ಕೋರ್ಸುಗಳಲ್ಲಿ ಪ್ರತಿ ಆಟಗಾರನಿಗೂ ಒಬ್ಬ ಕ್ಯಾಡಿ ಕಡ್ಡಾಯ, ಶುಲ್ಕದ ಮೇಲೆ ಟಿಪ್ಸ್ ಕೊಡುವುದೂ ನಿರೀಕ್ಷಿತ. ಅಲ್ಲಿ ಅದು ಹೊರೆಯೆನಿಸುವುದಿಲ್ಲ, ಗ್ರೀನ್‌ನ ಇಳಿಜಾರನ್ನು ಓದಿ ಹೇಳುವ ಕ್ಯಾಡಿ ತಮ್ಮ ಶುಲ್ಕವನ್ನು ಗಳಿಸಿಯೇ ಕೊಡುತ್ತಾರೆ. ಅಮೆರಿಕದ ದುಬಾರಿ ರೆಸಾರ್ಟುಗಳಲ್ಲಿ ಕ್ಯಾಡಿ ಶುಲ್ಕ ಮತ್ತು ಟಿಪ್ಸ್ ಸೇರಿ ಮೂಗಿಗಿಂತ ಮೂಗುತಿ ಭಾರ ಎನಿಸುವ ಸಂದರ್ಭಗಳುಂಟು. ಕಡ್ಡಾಯವಲ್ಲದ ಕಡೆ ತಳ್ಳುಗಾಡಿ ಬಾಡಿಗೆಗೆ ಪಡೆದು ನಡೆಯಿರಿ, ಅಥವಾ ನಾಲ್ವರಿಗೂ ಸೇರಿ ಮುಂದೆ ನಡೆದು ಚೆಂಡು ಗುರುತಿಸುವ ಒಬ್ಬ ಕ್ಯಾಡಿಯನ್ನು ಕೇಳಿ.

ಏಳು ರಾತ್ರಿಗೆ ಆರು ಸುತ್ತು ಎಂಬುದನ್ನು ಓದಿದಾಗ ನನಗೆ ಪ್ಯಾಕೇಜ್ ಬರೆದವರು ಎಂದೂ ಬ್ಯಾಗ್ ಹೊತ್ತವರಲ್ಲ ಎನಿಸಿತು. ಹದಿನೆಂಟು ಹೋಲ್‌ಗಳನ್ನು ನಡೆದು ಆಡಿದರೆ ಎಂಟರಿಂದ ಹತ್ತು ಕಿಲೋಮೀಟರ್ ಆಗುತ್ತದೆ. ಆರು ಸುತ್ತಿಗೆ ನಲವತ್ತೆಂಟರಿಂದ ಅರವತ್ತು ಆಗುತ್ತದೆ. ವಾರಕ್ಕೊಮ್ಮೆ ಆಡುವವರ ಬೆನ್ನು ಮತ್ತು ಅಂಗೈ ನಾಲ್ಕನೆಯ ದಿನಕ್ಕೆ ತಕರಾರು ತೆಗೆಯುತ್ತವೆ. ಹಣ ಕೊಟ್ಟು ಆಡದೆ ಬಿಟ್ಟ ಸುತ್ತಿನಷ್ಟು ದುಬಾರಿ ಸುತ್ತು ಬೇರೊಂದಿಲ್ಲ. ನಾಲ್ಕು ಸುತ್ತುಗಳನ್ನು ನಿಶ್ಚಯಿಸಿ, ಐದನೆಯದನ್ನು ಅಲ್ಲಿಗೆ ಹೋದ ಮೇಲೆ ಮೈಯ ಮಾತನ್ನೂ ಹವೆಯನ್ನೂ ಕೇಳಿ ಕೊಳ್ಳಿ. ಬಹಳ ಕೋರ್ಸುಗಳು ಅದೇ ದಿನ ಎರಡನೆಯ ಸುತ್ತು ಆಡುವವರಿಗೆ ಅರ್ಧದಷ್ಟೋ ಇನ್ನೂ ಕಡಿಮೆಯೋ ದರ ಇಟ್ಟಿರುತ್ತವೆ. ಬ್ರಿಟನ್‌ನ ಅನೇಕ ಕ್ಲಬ್ಬುಗಳಲ್ಲಿ ಇಡೀ ದಿನದ ಟಿಕೆಟ್ ಸಿಗುತ್ತದೆ. ಉತ್ಸಾಹ ಉಳಿದವರಿಬ್ಬರು ಅದನ್ನು ಬಳಸಿಕೊಳ್ಳಲಿ, ಉಳಿದಿಬ್ಬರು ವಿಶ್ರಮಿಸಲಿ. ‘ಅನಿಯಮಿತ ಗಾಲ್ಫ್’ ಎಂಬ ಪ್ಯಾಕೇಜಿನ ಮಾತು ಬಂದರೆ, ಎರಡನೆಯ ಸುತ್ತು ಗಳಿಗೆ ಖಾಲಿಯಿದ್ದರೆ ಮಾತ್ರವೇ, ಕಾರ್ಟಿಗೆ ಮತ್ತೆ ಹಣ ಕೊಡಬೇಕೇ ಎಂಬೆರಡನ್ನು ಕೇಳಿದರೆ ಅದರ ನಿಯಮ ಹೊರಬೀಳುತ್ತದೆ.

ನಾಲ್ಕನೆಯ ಗೆಳೆಯರಿಗಾಗಿ ಒಂದು ಮಾತು. ಅವರನ್ನು ಎಲ್ಲ ದುಬಾರಿ ಸುತ್ತಿಗೂ ಎಳೆದೊಯ್ಯುವುದು ಹಣಕ್ಕೂ ಸ್ನೇಹಕ್ಕೂ ಒಳಿತಲ್ಲ. ಒಂದು ದಿನವನ್ನು ಒಂಬತ್ತು ಹೋಲ್‌ಗಳ ಕೋರ್ಸಿಗೋ ಹೋಲ್‌ಗಳೆಲ್ಲ ಚಿಕ್ಕವಾಗಿರುವ ಪಾರ್-3 ಕೋರ್ಸಿಗೋ ಮೀಸಲಿಡಿ. ಚೆನ್ನಾಗಿ ಆಡುವವರಿಗೂ ಅದು ವಿಶ್ರಾಂತಿ. ಸೇಂಟ್ ಆಂಡ್ರ್ಯೂಸ್‌ನಲ್ಲಿ ಹಿಮಾಲಯಾಸ್ ಎಂದು ಕರೆಯುವ, ಏರುತಗ್ಗುಗಳೇ ತುಂಬಿದ ಪಟಿಂಗ್ ಅಂಗಳವೊಂದಿದೆ. 1867ರಲ್ಲಿ ಆರಂಭವಾದ ಮಹಿಳೆಯರ ಪಟಿಂಗ್ ಕ್ಲಬ್ಬಿನ ಆ ಜಾಗದಲ್ಲಿ ಅತ್ಯಲ್ಪ ಹಣಕ್ಕೆ ಸಾರ್ವಜನಿಕರೂ ಆಡಬಹುದು. ಅಲ್ಲಿ ಒಂದು ವರ್ಷದ ಅನುಭವಿಯೂ ಇಪ್ಪತ್ತು ವರ್ಷದ ಅನುಭವಿಯೂ ಸಮಾನವಾಗಿ ತಬ್ಬಿಬ್ಬಾಗುತ್ತಾರೆ.

ಕ್ಲಬ್ ಒಯ್ಯುವ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಲೆಕ್ಕವಿದೆ. ಒಂದು ಕಡೆ, ದಿನದ ಬಾಡಿಗೆಯನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿ. ಇನ್ನೊಂದು ಕಡೆ, ಹೋಗುವಾಗಿನ ಮತ್ತು ಬರುವಾಗಿನ ವಿಮಾನ ಶುಲ್ಕವನ್ನು ಕೂಡಿಸಿ, ನಡುವೆ ಬೇರೆ ಕಂಪನಿಯ ವಿಮಾನ ಹಿಡಿಯುವುದಿದ್ದರೆ ಅದರ ಶುಲ್ಕವನ್ನೂ ಸೇರಿಸಿ. ಹದಿನಾಲ್ಕು ಕ್ಲಬ್ ತುಂಬಿದ ಬ್ಯಾಗ್ ಹೊದಿಕೆಯ ಸಮೇತ ಹನ್ನೆರಡರಿಂದ ಹದಿನೈದು ಕಿಲೋ ತೂಗುತ್ತದೆ. ಕೆಲವು ವಿಮಾನ ಕಂಪನಿಗಳು ಅದನ್ನು ಸಾಮಾನ್ಯ ಲಗೇಜಿನ ಒಂದು ನಗವಾಗಿ ಒಪ್ಪುತ್ತವೆ, ಕೆಲವು ಕ್ರೀಡಾ ಸಲಕರಣೆಯೆಂದು ಪ್ರತ್ಯೇಕ ಶುಲ್ಕ ಹಾಕುತ್ತವೆ. ಟಿಕೆಟ್ ಅಗ್ಗವೆಂದು ಕಂಡ ಕಂಪನಿ ಈ ಶುಲ್ಕ ಸೇರಿದ ಮೇಲೆ ದುಬಾರಿಯಾಗುವುದನ್ನು ಪದೇಪದೇ ನೋಡಿದ್ದೇನೆ. ಮೂರನೆಯ ಬಾಬತ್ತು ವಾಹನ. ನಾವು ನಾಲ್ವರು ನಾಲ್ಕು ಗಾಲ್ಫ್ ಬ್ಯಾಗ್ ಮತ್ತು ನಾಲ್ಕು ಸೂಟ್‌ಕೇಸುಗಳೊಡನೆ ವಿಮಾನ ನಿಲ್ದಾಣದಲ್ಲಿ ಇಳಿದು, ಕಾಯ್ದಿರಿಸಿದ್ದ ಸಾಧಾರಣ ಕಾರಿನ ಡಿಕ್ಕಿಯನ್ನು ತೆರೆದು ಅರ್ಧ ಗಂಟೆ ಸುಮ್ಮನೆ ನಿಂತಿದ್ದೆವು. ಆ ಕ್ಷಣದಲ್ಲಿ ದೊಡ್ಡ ವಾಹನಕ್ಕೆ ಬದಲಾಯಿಸಲು ತೆತ್ತ ಹಣದಲ್ಲಿ ಇನ್ನೊಂದು ಸುತ್ತು ಆಡಬಹುದಿತ್ತು.

ಎರಡು ಸುತ್ತುಗಳ ಪ್ರವಾಸವಾದರೆ ಬಾಡಿಗೆಯೇ ಸಾಮಾನ್ಯವಾಗಿ ಗೆಲ್ಲುತ್ತದೆ, ನಾಲ್ಕಕ್ಕಿಂತ ಹೆಚ್ಚಾದರೆ ಸ್ವಂತದ್ದು. ಎಡಗೈ ಆಟಗಾರರಿದ್ದರೆ ಲೆಕ್ಕ ಹಾಕುವುದೇ ಬೇಡ, ಬಾಡಿಗೆಯ ಎಡಗೈ ಸೆಟ್‌ಗಳು ಬೆರಳೆಣಿಕೆಯಷ್ಟಿರುತ್ತವೆ, ತಮ್ಮದನ್ನೇ ತರಲಿ. ನಾಲ್ಕನೆಯ ಗೆಳೆಯರಿಗೆ ಇನ್ನೂ ಕ್ಲಬ್‌ಗಳ ಮೇಲೆ ಮೋಹ ಬೆಳೆದಿರಲಾರದು, ಅವರು ಬಾಡಿಗೆಗೆ ಪಡೆಯಲಿ. ಮೂರು ಬ್ಯಾಗ್ ಆದರೆ ವಾಹನದ ಸಮಸ್ಯೆಯೂ ಹಗುರವಾಗುತ್ತದೆ. ಒಯ್ಯುವವರು ಡ್ರೈವರ್ ಎಂಬ ಉದ್ದನೆಯ ಕ್ಲಬ್ಬಿನ ತಲೆಯನ್ನು, ಅದು ಬಿಚ್ಚುವಂಥದ್ದಾದರೆ, ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ, ಕ್ಲಬ್‌ಗಳಿಗಿಂತ ಎತ್ತರವಾದ ಗಟ್ಟಿ ಕೋಲೊಂದನ್ನು ಬ್ಯಾಗಿನ ನಡುವೆ ನಿಲ್ಲಿಸಿ. ತಲೆಕೆಳಗಾಗಿ ಬಿದ್ದಾಗ ಪೆಟ್ಟನ್ನು ಅದು ತಾಳಿಕೊಳ್ಳುತ್ತದೆ. ಪ್ರಯಾಣ ವಿಮೆಯಲ್ಲಿ ಒಂದು ವಸ್ತುವಿಗೆ ಎಷ್ಟು ಮಿತಿ ಎಂಬುದನ್ನು ಓದಿಕೊಳ್ಳಿ. ಎಲ್ಲರೂ ಬಾಡಿಗೆಗೆ ಪಡೆದರೂ ಶೂ, ಕೈಗವಸು, ಮಳೆಯುಡುಪು ಮತ್ತು ಒಂದು ಡಜನ್ ಚೆಂಡು ನಿಮ್ಮವೇ ಇರಲಿ, ಕೋರ್ಸಿನ ಅಂಗಡಿಯಲ್ಲಿ ಇವುಗಳ ಬೆಲೆ ಅಗತ್ಯವನ್ನು ಬಲ್ಲ ಬೆಲೆ.

ಕಾಯ್ದಿರಿಸುವ ಬಗ್ಗೆ ಹೇಳುವುದಾದರೆ, ಕಡಿತದ ದರದ ಜಾಲತಾಣಗಳನ್ನು ನಾನು ನೋಡುತ್ತೇನೆ, ಆದರೆ ಅಲ್ಲಿ ದರವನ್ನು ತಿಳಿದುಕೊಂಡು ಕೋರ್ಸಿಗೇ ನೇರವಾಗಿ ಬರೆಯುತ್ತೇನೆ. ಜಾಲತಾಣದ ಸೇವೆಗೆ ಹಣದ ಬದಲು ಕೆಲವು ಗಳಿಗೆಗಳನ್ನೇ ಕೊಟ್ಟಿರುವ ಕೋರ್ಸುಗಳುಂಟು. ಅಂಥ ಕಡೆ ಅತಿ ಅಗ್ಗದ ಗಳಿಗೆ ಜಾಲತಾಣದ್ದಾಗಿದ್ದು, ರದ್ದತಿಗೆ ಹಣ ಮರಳುವುದಿಲ್ಲ. ನೇರವಾಗಿ ಕೊಂಡರೆ ಅಲ್ಪ ಹೆಚ್ಚಾದರೂ ದಿನ ಬದಲಿಸುವ ದಾಕ್ಷಿಣ್ಯ ಸಿಗುತ್ತದೆ. ಕ್ರಮವೂ ಮುಖ್ಯ: ಮೊದಲು ಮರಳಿ ಪಡೆಯಬಹುದಾದ ಷರತ್ತಿನಲ್ಲಿ ಟೀ ಟೈಮ್, ಬಳಿಕ ವಿಮಾನ, ಬಳಿಕ ಕೊಠಡಿ, ಕೊನೆಗೆ ವಾಹನ. ನಾಲ್ವರಲ್ಲಿ ಒಬ್ಬರೇ ಹಣ ಕಟ್ಟುವುದಾದರೆ, ರದ್ದತಿಯ ಕೊನೆಯ ದಿನಕ್ಕೆ ಒಂದು ವಾರ ಮೊದಲೇ ಉಳಿದ ಮೂವರ ಪಾಲು ಅವರ ಕೈಸೇರಬೇಕೆಂದು ಈಗಲೇ ಮಾತಾಗಲಿ. ಪ್ರವಾಸ ನಾಲ್ವರಿಂದ ಮೂವರಿಗೆ ಇಳಿದಾಗ ಕೊಠಡಿ ಮತ್ತು ವಾಹನದ ತಲಾ ಖರ್ಚು ಏರುವಷ್ಟು ಇನ್ನಾವುದರಿಂದಲೂ ಏರುವುದಿಲ್ಲ. ವಿದೇಶದಲ್ಲಿ ಕಾರ್ಡ್ ಯಂತ್ರ ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ ಎಂದು ಕೇಳಿದರೆ ಬೇಡವೆಂದು, ಸ್ಥಳೀಯ ಹಣದಲ್ಲೇ ಕೊಡಿ.

ಎಲ್ಲಿ ತಗ್ಗಿಸಬಾರದು ಎಂದೂ ಕೇಳಿದ್ದೀರಿ. ಕೊಠಡಿಯನ್ನು ಕೋರ್ಸುಗಳಿಂದ ಒಂದೂವರೆ ಗಂಟೆ ದೂರದಲ್ಲಿ ಹಿಡಿದು ಉಳಿಸಬೇಡಿ. ಬೆಳಗಿನ ಗಳಿಗೆಗಾಗಿ ಕತ್ತಲಲ್ಲಿ ಎದ್ದು ವಾಹನ ಓಡಿಸುವವರು ಮೂರನೆಯ ದಿನಕ್ಕೆ ಜಗಳವಾಡುತ್ತಾರೆ. ನಡುವೆ ವಿಮಾನ ಬದಲಿಸಲು ಮುಕ್ಕಾಲು ಗಂಟೆಯಷ್ಟೇ ಇರುವ ಅಗ್ಗದ ಟಿಕೆಟನ್ನೂ ಕೊಳ್ಳಬೇಡಿ, ನೀವು ಆ ವಿಮಾನ ಹತ್ತಿದರೂ ನಿಮ್ಮ ಕ್ಲಬ್‌ಗಳು ಹತ್ತುವುದಿಲ್ಲ.

ಸದ್ಯಕ್ಕೆ ಹಣ ಕಟ್ಟದೆ, ಮನಸ್ಸಿನಲ್ಲಿರುವ ಎರಡು ವಾರಗಳನ್ನು ಆರಿಸಿ, ನಾಲ್ಕೈದು ಕೋರ್ಸುಗಳಿಗೆ ಒಂದೇ ಪತ್ರ ಬರೆಯಿರಿ. ಆ ವಾರಗಳಲ್ಲಿ ಏರೇಷನ್ ಅಥವಾ ಬಿತ್ತನೆ ಇದೆಯೇ, ಸ್ಪರ್ಧೆಗಾಗಿ ಕೋರ್ಸ್ ಮುಚ್ಚಿರುತ್ತದೆಯೇ, ನಾಲ್ವರ ಗುಂಪಿಗೆ ಮತ್ತು ಇಳಿಹೊತ್ತಿಗೆ ದರವೆಷ್ಟು, ಮಳೆಯಿಂದ ಆಟ ನಿಂತರೆ ಹಣ ಮರಳುತ್ತದೆಯೇ ಅಥವಾ ಇನ್ನೊಂದು ದಿನ ಆಡಲು ಚೀಟಿ ಕೊಡುತ್ತಾರೆಯೇ, ಹ್ಯಾಂಡಿಕ್ಯಾಪ್ ಪುರಾವೆ ಬೇಕೇ ಎಂದು ಕೇಳಿ. ಉತ್ತರಗಳು ಬರುವವರೆಗೆ ವಿಮಾನದ ಟಿಕೆಟ್ ಕೊಳ್ಳದಿರಿ.